463 ಮೀಟರ್ ದೂರದ ತಿಮಿಂಗಿಲ: ಅಲಾಸ್ಕ ಕ್ರೂಸ್‌ಗೆ ಬೈನಾಕ್ಯುಲರ್ ಲೆಕ್ಕ

ಅಲಾಸ್ಕದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದ ನೀರಿನಲ್ಲಿ ಯಾವ ಹಡಗೂ ಹಂಪ್‌ಬ್ಯಾಕ್ ತಿಮಿಂಗಿಲವನ್ನು 463 ಮೀಟರ್‌ಗಿಂತ ಹತ್ತಿರದಿಂದ ಸಮೀಪಿಸುವಂತಿಲ್ಲ. ಉದ್ಯಾನದ ನಿಯಮ ಇದನ್ನು ಕಾಲು ನಾಟಿಕಲ್ ಮೈಲಿ ಎಂದು ಹೇಳುತ್ತದೆ. ಉದ್ಯಾನದಾಚೆಗೆ, ಅಲಾಸ್ಕದ ಉಳಿದ ಕಡಲಿನಲ್ಲಿ, 2001ರಿಂದ ಜಾರಿಯಲ್ಲಿರುವ ಮಿತಿ 100 ಗಜ, ಅಂದರೆ 91 ಮೀಟರ್. ಎರಡಕ್ಕೂ ಐದು ಪಟ್ಟು ವ್ಯತ್ಯಾಸ. ದೊಡ್ಡ ಪ್ರವಾಸಿ ಹಡಗಿನ ಡೆಕ್ಕಿನಲ್ಲಿ ನಿಂತವರಿಗೆ ತಿಮಿಂಗಿಲ ಎಷ್ಟು ಕಾಣುತ್ತದೆ ಎಂಬುದು ಬಹುಪಾಲು ಈ ಅಂತರದಿಂದಲೇ ನಿರ್ಧಾರವಾಗುತ್ತದೆ. ಕ್ರೂಸ್‌ಗೆ ಬೈನಾಕ್ಯುಲರ್ ಬೇಕೇ ಎಂಬ ಪ್ರಶ್ನೆಯನ್ನೂ ಇಲ್ಲಿಂದಲೇ ಶುರು ಮಾಡಬೇಕು.

ವಯಸ್ಕ ಹಂಪ್‌ಬ್ಯಾಕ್‌ನ ಉದ್ದ 12ರಿಂದ 15 ಮೀಟರ್. ಬಾಲದ ಅಗಲ ದೇಹದ ಉದ್ದದ ಸುಮಾರು ಮೂರನೇ ಒಂದು ಭಾಗ. 4 ಮೀಟರ್ ಎಂದು ಹಿಡಿಯೋಣ. 463 ಮೀಟರ್ ದೂರದಲ್ಲಿ 4 ಮೀಟರ್ ಅಗಲದ ವಸ್ತು ಕಣ್ಣಿಗೆ ಅರ್ಧ ಡಿಗ್ರಿಯಷ್ಟು ಕಾಣುತ್ತದೆ. ಹುಣ್ಣಿಮೆಯ ಚಂದ್ರನ ಅಗಲವೂ ಅಷ್ಟೇ. ಬಾಲ ಎದ್ದದ್ದು ತಿಳಿಯುತ್ತದೆ, ಅದರ ಅಡಿಯ ಕಪ್ಪು-ಬಿಳುಪು ಗುರುತು ತಿಳಿಯುವುದಿಲ್ಲ. ಆ ಗುರುತು ಒಂದೊಂದು ತಿಮಿಂಗಿಲಕ್ಕೆ ಒಂದೊಂದು ಬಗೆ. ಸಂಶೋಧಕರು ಅದನ್ನು ನೋಡಿಯೇ ಇದು ಯಾವ ಪ್ರಾಣಿ ಎಂದು ಹೇಳುತ್ತಾರೆ. ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್‌ನಲ್ಲಿ ಅದೇ ಬಾಲ 4 ಡಿಗ್ರಿಯಷ್ಟಾಗುತ್ತದೆ, 58 ಮೀಟರ್ ದೂರದಿಂದ ಬರಿಗಣ್ಣಿನಲ್ಲಿ ನೋಡಿದಷ್ಟು. ಹತ್ತು ಪಟ್ಟಿನದರಲ್ಲಿ 46 ಮೀಟರ್. ಮೊದಲ ಹೆಜ್ಜೆಯ ಲಾಭ 405 ಮೀಟರ್, ಎರಡನೆಯದರ ಲಾಭ 12 ಮೀಟರ್.

ಮೊಬೈಲ್ ಇದೆಯಲ್ಲ ಎನ್ನುವವರಿಗೆ ಒಂದು ಅಂಕಿ. ಫೋನಿನಲ್ಲಿ 5 ಪಟ್ಟು ಜೂಮ್ ಎಂದು ಬರೆದಿರುವುದು ಫೋನಿನದೇ ಅಗಲ ನೋಟದ ಲೆನ್ಸಿಗೆ ಹೋಲಿಸಿ. 2023ರ ಐಫೋನ್ 15 ಪ್ರೊ ಮ್ಯಾಕ್ಸ್‌ನ 5 ಪಟ್ಟಿನ ಲೆನ್ಸ್ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ 120 ಮಿ.ಮೀ. ಸಹಜ ನೋಟಕ್ಕೆ ಹತ್ತಿರ ಎನ್ನಲಾಗುವ ಲೆನ್ಸ್ 50 ಮಿ.ಮೀ. ಆ ಅಳತೆಯಲ್ಲಿ ಫೋನಿನ ಹಿಗ್ಗುವಿಕೆ 2.4 ಪಟ್ಟು. ನೆನಪಿಗೆ ಚಿತ್ರ ತೆಗೆಯಲು ಸಾಕು, ನೋಡಲು ಸಾಲದು.

ಈ ಲೆಕ್ಕ ಎಷ್ಟು ಜನರಿಗೆ ಸಂಬಂಧಿಸಿದ್ದು? ಅಲಾಸ್ಕಕ್ಕೆ 2019ರಲ್ಲಿ ಹಡಗಿನಲ್ಲಿ ಬಂದವರು 13 ಲಕ್ಷಕ್ಕೂ ಹೆಚ್ಚು. 2020ರ ಕೋವಿಡ್ ವರ್ಷದಲ್ಲಿ ದೊಡ್ಡ ಹಡಗುಗಳು ಬರಲೇ ಇಲ್ಲ. 2023ರಲ್ಲಿ ಸಂಖ್ಯೆ 16 ಲಕ್ಷ ಮೀರಿತು. ನಾಲ್ಕು ವರ್ಷದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚಿನ ಏರಿಕೆ. ಜೂನೋ ನಗರ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಹಾಕಿಕೊಂಡಿದೆ. ಗ್ಲೇಸಿಯರ್ ಬೇ ಒಳಗೆ ದಿನಕ್ಕೆ ಎರಡೇ. ಬೇಸಿಗೆಯಲ್ಲಿ ಸಿಯಾಟಲ್, ಬೇ ಏರಿಯಾದ ಮಕ್ಕಳ ಮನೆಗೆ ಹೋಗುವ ಕರ್ನಾಟಕದ ತಂದೆ-ತಾಯಂದಿರ ಪ್ರವಾಸ ಪಟ್ಟಿಯಲ್ಲಿ ಈ ಏಳು ರಾತ್ರಿಯ ಯಾನ ಈಗ ನಯಾಗರದ ಪಕ್ಕದಲ್ಲೇ ಇರುತ್ತದೆ. ಕೆಳಗಿನ ಲೆಕ್ಕದಲ್ಲಿ ನಾನು ಕಣ್ಣ ಮುಂದೆ ಇಟ್ಟುಕೊಂಡಿರುವುದು ಅಂಥ ಒಂದು ದಂಪತಿಯನ್ನು: ವಯಸ್ಸು ಅರವತ್ತರ ಆಸುಪಾಸು, ಇಬ್ಬರಿಗೂ ಕನ್ನಡಕ.

ಬೈನಾಕ್ಯುಲರ್ ಮೇಲೆ 8x42 ಎಂದು ಇದ್ದರೆ ಮೊದಲ ಅಂಕಿ ಹಿಗ್ಗುವಿಕೆಯ ಪಟ್ಟು, ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದು ಬೆಳಕಿನ ಬಿಂಬದ ಅಗಲ, ಅಂದರೆ ಉಪಕರಣದಿಂದ ಹೊರಬಂದು ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಳತೆ. 8x42ಕ್ಕೆ ಇದು 5.25 ಮಿ.ಮೀ., 8x32ಕ್ಕೆ 4, 8x25ಕ್ಕೆ 3.1, ನಾವಿಕರು ಬಳಸುತ್ತ ಬಂದ 7x50ಕ್ಕೆ 7.1. ಡಬ್ಬಿಯ ಮೇಲೆ ಈ ಅಂಕಿ ದೊಡ್ಡದಾಗಿ ಅಚ್ಚಾಗುವುದು ಅಪರೂಪ. ಆದರೆ ಹಡಗಿನ ಮೇಲೆ ಹೆಚ್ಚು ಕೆಲಸಕ್ಕೆ ಬರುವುದು ಇದೇ.

ಜೂನ್ ಮಧ್ಯದಲ್ಲಿ ಜೂನೋದ ಹಗಲು 18 ಗಂಟೆ ದಾಟುತ್ತದೆ. ಬೆಳಗಿನ ನಾಲ್ಕಕ್ಕೆ ಮುಂಚೆ ಸೂರ್ಯ ಹುಟ್ಟಿ ರಾತ್ರಿ ಹತ್ತರ ನಂತರ ಮುಳುಗುತ್ತಾನೆ. ಹಗಲಿನಲ್ಲಿ ಕಣ್ಣಿನ ಪಾಪೆ 2ರಿಂದ 3 ಮಿ.ಮೀ. ಮಾತ್ರ ತೆರೆದಿರುತ್ತದೆ. ಯುವಕರ ಪಾಪೆ ಕತ್ತಲಲ್ಲಿ 7 ಮಿ.ಮೀ.ವರೆಗೆ ಹಿಗ್ಗಬಹುದು, ಅರವತ್ತರ ಹೊತ್ತಿಗೆ ಆ ಗರಿಷ್ಠ ಸುಮಾರು 5ಕ್ಕೆ ಇಳಿಯುತ್ತದೆ. 7.1 ಮಿ.ಮೀ. ಬಿಂಬವನ್ನು 3 ಮಿ.ಮೀ. ಪಾಪೆಗೆ ಹಾಯಿಸಿದರೆ ಒಳಗೆ ಹೋಗುವುದು ಶೇ 18ರಷ್ಟು ಬೆಳಕು. ಉಳಿದ ಶೇ 82 ಪಾಪೆಯ ಸುತ್ತಲೂ ಬಿದ್ದು ವ್ಯರ್ಥವಾಗುತ್ತದೆ. ಒಂದು ಕಿಲೋ ಆಸುಪಾಸಿನ 7x50 ಅನ್ನು ಅಲಾಸ್ಕದ ಬೇಸಿಗೆಗೆ ಹೊತ್ತೊಯ್ಯಲು ಬೆಳಕಿನ ಕಾರಣ ಸಿಗುವುದಿಲ್ಲ.

ಹಾಗಾದರೆ 3.1 ಮಿ.ಮೀ. ಬಿಂಬದ, ಜೇಬಿಗೆ ಹೋಗುವ 8x25 ಸಾಕಲ್ಲವೇ? ಬೆಳಕಿನ ಲೆಕ್ಕದಲ್ಲಿ ಸಾಕು. ಸಾಲದಿರುವುದು ಇನ್ನೊಂದು ಲೆಕ್ಕದಲ್ಲಿ. ಬಿಂಬ 3.1, ಪಾಪೆ 3 ಇದ್ದಾಗ ಕಣ್ಣು ಅತ್ತಿತ್ತ ಸರಿಯಲು ಉಳಿಯುವ ಅವಕಾಶ ಒಂದೊಂದು ಬದಿಗೆ 0.06 ಮಿ.ಮೀ. ಅದಕ್ಕಿಂತ ಹೆಚ್ಚು ಸರಿದರೆ ಚಿತ್ರದ ಅಂಚು ಕಪ್ಪಾಗುತ್ತದೆ. 8x32ಕ್ಕೆ ಆ ಅವಕಾಶ 0.5 ಮಿ.ಮೀ., 8x42ಕ್ಕೆ 1.1 ಮಿ.ಮೀ. ನೆಲದ ಮೇಲೆ ಸ್ಥಿರವಾಗಿ ನಿಂತವರಿಗೆ ಈ ವ್ಯತ್ಯಾಸ ಗಮನಕ್ಕೇ ಬಾರದು. ಹಡಗಿನಲ್ಲಿ ಕಾಲ ಕೆಳಗೆ ಎಂಜಿನ್ ಅದುರುತ್ತದೆ, ಮುಂಭಾಗದ ಡೆಕ್ಕಿನಲ್ಲಿ ಗಾಳಿ ತಳ್ಳುತ್ತದೆ, ಕೈಗೆ ಉಣ್ಣೆಯ ಗವಸು ಇರುತ್ತದೆ. ಅಲ್ಲಿ 8x25 ಹಿಡಿದವರು ಚಿತ್ರವನ್ನು ಹುಡುಕುವುದರಲ್ಲೇ ಹೊತ್ತು ಕಳೆಯುತ್ತಾರೆ.

ಕನ್ನಡಕ ಹಾಕುವವರಿಗೆ ಇನ್ನೊಂದು ಅಳತೆ ಸೇರುತ್ತದೆ: ಕಣ್ಣಿನ ಅಂತರ. ಹಿಂದಿನ ಮಸೂರದಿಂದ ಕಣ್ಣು ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಎಂಬುದರ ಅಂಕಿ ಇದು. ಕನ್ನಡಕ ತೆಗೆಯದೆ ನೋಡಲು ಕನಿಷ್ಠ 15 ಮಿ.ಮೀ. ಬೇಕು. ನಿಕಾನ್ ಸ್ಪೋರ್ಟ್‌ಸ್ಟಾರ್ ಇಎಕ್ಸ್ 8x25ರಲ್ಲಿ ಇದು 10.3 ಮಿ.ಮೀ., ತೂಕ 300 ಗ್ರಾಂ. ಅದೇ ಕಂಪನಿಯ ಮೊನಾರ್ಕ್ ಎಂ5 8x42ರಲ್ಲಿ 19.5 ಮಿ.ಮೀ., ತೂಕ 630 ಗ್ರಾಂ. ತೂಕ ಎರಡು ಪಟ್ಟಾಯಿತು. ಬದಲಿಗೆ ಕನ್ನಡಕದವರಿಗೆ ಚಿತ್ರದ ಅಂಚು ಉಳಿಯಿತು. ನಮ್ಮ ದಂಪತಿಗೆ ಇದೊಂದೇ ಅಂಕಿ 8x25 ಅನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. 330 ಗ್ರಾಂ ಹೆಚ್ಚುವರಿ ಭಾರ ಕುತ್ತಿಗೆಗೆ ಆಗುವುದಿಲ್ಲ ಎನ್ನುವವರು ಭುಜದ ಮೇಲೆ ಹಾಯುವ ಪಟ್ಟಿ ಹಾಕಿಕೊಳ್ಳಬಹುದು, ಅಥವಾ 500 ಗ್ರಾಂ ಆಸುಪಾಸಿನ 8x32ಕ್ಕೆ ಇಳಿಯಬಹುದು.

ಇನ್ನು ಎಂಟೋ ಹತ್ತೋ ಎಂಬ ವಾದ. 7.2 ಡಿಗ್ರಿ ನೋಟದ 8 ಪಟ್ಟಿನ ಬೈನಾಕ್ಯುಲರ್ 463 ಮೀಟರ್ ದೂರದಲ್ಲಿ 58 ಮೀಟರ್ ಅಗಲದ ನೀರನ್ನು ತೋರಿಸುತ್ತದೆ. 6 ಡಿಗ್ರಿ ನೋಟದ 10 ಪಟ್ಟಿನದು 48 ಮೀಟರ್. ವಿಸ್ತೀರ್ಣದಲ್ಲಿ ಎರಡನೆಯದು ಶೇ 31 ಕಡಿಮೆ. ತಿಮಿಂಗಿಲ ಮುಳುಗಿದ ಜಾಗದಲ್ಲೇ ಮತ್ತೆ ಏಳುವುದಿಲ್ಲ, ಆದ್ದರಿಂದ ಕಣ್ಣಿಗೆ ಸಿಗುವ ನೀರಿನ ವಿಸ್ತಾರವೇ ಹುಡುಕಾಟದ ಬಂಡವಾಳ. ಕೈಯ ನಡುಕವೂ ಹಿಗ್ಗುವಿಕೆಯ ಜೊತೆಗೇ ಹಿಗ್ಗುತ್ತದೆ. 0.1 ಡಿಗ್ರಿ ಕದಲಿದ ಕೈ 8 ಪಟ್ಟಿನಲ್ಲಿ ಚಿತ್ರವನ್ನು 0.8 ಡಿಗ್ರಿ ಕದಲಿಸಿದರೆ, 12 ಪಟ್ಟಿನಲ್ಲಿ 1.2 ಡಿಗ್ರಿ ಕದಲಿಸುತ್ತದೆ. ಆಸರೆ ಇಲ್ಲದ ಕೈಗೆ 8 ಸರಿಯಾದ ಅಂಕಿ, 10 ಮೇಲ್ಮಿತಿ, 12 ಮತ್ತು ಅದಕ್ಕಿಂತ ಹೆಚ್ಚಿನವು ಮೂರುಕಾಲಿನ ಸ್ಟ್ಯಾಂಡಿನ ಮೇಲೆ, ನೆಲದ ಮೇಲೆ ಬಳಸುವಂಥವು.

ದೊಡ್ಡ ಹಡಗಿನ ಎತ್ತರವೇ ಅದರ ಅನುಕೂಲ. ಕಡಲಿನಿಂದ 30 ಮೀಟರ್ ಎತ್ತರದ ಡೆಕ್ಕಿನಲ್ಲಿ ನಿಂತವರಿಗೆ ದಿಗಂತ 19.6 ಕಿ.ಮೀ. ದೂರ. ಚಿಕ್ಕ ದೋಣಿಯಲ್ಲಿ ಕಣ್ಣು 2 ಮೀಟರ್ ಎತ್ತರದಲ್ಲಿದ್ದರೆ 5 ಕಿ.ಮೀ. ಕಾಣುವ ಕಡಲಿನ ವಿಸ್ತೀರ್ಣ 15 ಪಟ್ಟು. ಆದರೆ ತಿಮಿಂಗಿಲ ಉಸಿರು ಬಿಟ್ಟಾಗ ಏಳುವ ಹನಿಗಳ ಕಂಬ ಸುಮಾರು 3 ಮೀಟರ್ ಎತ್ತರದ್ದು, 5 ಕಿ.ಮೀ. ದೂರದಲ್ಲಿ ಅದು ಒಂದು ಡಿಗ್ರಿಯ ಮೂವತ್ತನೇ ಒಂದು ಭಾಗ, ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಕನಿಷ್ಠದ ಎರಡು ಪಟ್ಟು ಮಾತ್ರ. ಎಂಟರಿಂದ ಗುಣಿಸಿದಾಗ ಕಾಲು ಡಿಗ್ರಿ ದಾಟುತ್ತದೆ. ಟಿಕೆಟ್ ಕೊಟ್ಟು ಪಡೆದ ಎತ್ತರ ಬೈನಾಕ್ಯುಲರ್ ಇಲ್ಲದೆ ಅರ್ಧಕ್ಕರ್ಧ ಬಳಕೆಯಾಗದೆ ಉಳಿಯುತ್ತದೆ ಎಂದು ನಾನು ಹೇಳುವುದು ಈ ಅಂಕಿಗಳಿಂದಲೇ.

ಹಿಮನದಿಯ ಮುಂದೆ ಲೆಕ್ಕ ಬೇರೆ. ಗ್ಲೇಸಿಯರ್ ಬೇಯಲ್ಲಿ ಹಡಗು ಒಂಬತ್ತು-ಹತ್ತು ಗಂಟೆ ಕಳೆಯುತ್ತದೆ. ಬೆಳಿಗ್ಗೆ ಉದ್ಯಾನದ ರೇಂಜರುಗಳು ಚಿಕ್ಕ ದೋಣಿಯಲ್ಲಿ ಬಂದು, ಚಲಿಸುತ್ತಿರುವ ಹಡಗಿನ ಪಕ್ಕೆಗೆ ತೂಗುಬಿಟ್ಟ ಏಣಿ ಹತ್ತುತ್ತಾರೆ. ಆಮೇಲೆ ಇಡೀ ದಿನ ಧ್ವನಿವರ್ಧಕದಲ್ಲಿ ಎಲ್ಲಿ ಏನಿದೆ ಎಂದು ಹೇಳುತ್ತಿರುತ್ತಾರೆ. 1750ರ ಸುಮಾರಿಗೆ ಈ ಕೊಲ್ಲಿ ಪೂರ್ತಿ ಹಿಮವಾಗಿತ್ತು. ಇಂದು ಕಡಲಿಗೆ ಇಳಿಯುವ ಹಿಮನದಿ ನೋಡಲು ಕೊಲ್ಲಿಯ ಬಾಯಿಯಿಂದ 65 ಮೈಲಿ, ಅಂದರೆ 105 ಕಿ.ಮೀ. ಒಳಗೆ ಹೋಗಬೇಕು. ಹಡಗುಗಳು ನಿಲ್ಲುವುದು ಸಾಮಾನ್ಯವಾಗಿ ಮಾರ್ಜರಿ ಹಿಮನದಿಯ ಎದುರು. ಅದರ ಮುಖದ ಅಗಲ ಸುಮಾರು 1.6 ಕಿ.ಮೀ., ನೀರಿನ ಮೇಲಿನ ಎತ್ತರ 250 ಅಡಿ, ಅಂದರೆ 76 ಮೀಟರ್.

ಆ ಗೋಡೆಯ ತುದಿಯಿಂದ ಕಳಚಿದ ಹಿಮದ ತುಂಡು ನೀರಿಗೆ ಬೀಳಲು 3.9 ಸೆಕೆಂಡ್ ಬೇಕು. 800 ಮೀಟರ್ ದೂರದ ಹಡಗಿಗೆ ಸದ್ದು ಮುಟ್ಟಲು 2.4 ಸೆಕೆಂಡ್. ಸದ್ದು ಕೇಳಿ ತಿರುಗಿದವರಿಗೆ ಉಳಿಯುವುದು 1.5 ಸೆಕೆಂಡ್. ಅದೇ ದೂರದಲ್ಲಿ 8 ಪಟ್ಟಿನ ಬೈನಾಕ್ಯುಲರ್ ತೋರಿಸುವುದು 100 ಮೀಟರ್ ಅಗಲ, ಮುಖದ ಹದಿನಾರನೇ ಒಂದು ಭಾಗ. ಕಣ್ಣಿಗೆ ಬೈನಾಕ್ಯುಲರ್ ಹಚ್ಚಿಕೊಂಡು ಕಾದವರ ಚೌಕಟ್ಟಿನೊಳಗೇ ಹಿಮ ಕಳಚುವ ಸಾಧ್ಯತೆ ಕಡಿಮೆ. ಹಾಗಾಗಿ ಹಿಮ ಬೀಳುವುದನ್ನು ಬರಿಗಣ್ಣಿನಲ್ಲಿ ನೋಡಬೇಕು. ಬಿದ್ದ ಮೇಲೆ ತೇಲುವ ತುಂಡುಗಳನ್ನು, ಅವುಗಳ ಮೇಲೆ ಮಲಗುವ ಹಾರ್ಬರ್ ಸೀಲ್‌ಗಳನ್ನು, ಬಂಡೆಯ ಮೇಲಿನ ಬಿಳಿ ಚುಕ್ಕೆಯಂಥ ಬೆಟ್ಟದ ಆಡುಗಳನ್ನು ಬೈನಾಕ್ಯುಲರ್‌ನಲ್ಲಿ ನೋಡಬೇಕು. ಒಂದೂವರೆ ಮೀಟರ್ ಉದ್ದದ ಆಡು 1 ಕಿ.ಮೀ. ದೂರದಲ್ಲಿ ಡಿಗ್ರಿಯ ಹನ್ನೆರಡನೇ ಒಂದು ಭಾಗ. 8 ಪಟ್ಟಿನಲ್ಲಿ ಮೂರನೇ ಎರಡು ಭಾಗ. ಚುಕ್ಕೆಗೆ ನಾಲ್ಕು ಕಾಲು, ಗಡ್ಡ ಮೂಡುವುದು ಆಗ.

ಮಳೆಯ ಅಂಕಿ ಕರಾವಳಿಯವರಿಗೆ ಪರಿಚಿತವಾದದ್ದೇ. ಅಲಾಸ್ಕ ಯಾನದ ಹಡಗುಗಳು ನಿಲ್ಲುವ ಕೆಚಿಕಾನ್ ಊರಿನ ವಾರ್ಷಿಕ ಮಳೆ 3,500 ಮಿ.ಮೀ. ಮೀರುತ್ತದೆ; ಮಂಗಳೂರಿನದೂ ಅದೇ ಆಸುಪಾಸು. ಮಂಗಳೂರಿನ ಮಳೆಯಲ್ಲಿ ಶೇ 80ಕ್ಕೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದರೆ, ಕೆಚಿಕಾನ್‌ನದು ಹನ್ನೆರಡು ತಿಂಗಳಿಗೂ ಹಂಚಿಹೋಗಿದೆ. ಆದ್ದರಿಂದ ಜಲನಿರೋಧಕ ಗುಣಕ್ಕೆ ರಿಯಾಯಿತಿ ಕೊಡುವಂತಿಲ್ಲ. ಐಪಿಎಕ್ಸ್7 ಎಂಬ ಗುರುತು ಇದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಒಳಗೆ ನೀರು ಹೋಗದು ಎಂದರ್ಥ. ನೈಟ್ರೋಜನ್ ತುಂಬಿದ್ದರೆ ಬೆಚ್ಚಗಿನ ಕ್ಯಾಬಿನ್‌ನಿಂದ ಚಳಿಯ ಡೆಕ್ಕಿಗೆ ಬಂದಾಗ ಮಸೂರದ ಒಳಮೈ ಮಂಜಾಗುವುದಿಲ್ಲ. ಹೊರಮೈಗೆ ಆ ರಕ್ಷಣೆ ಇಲ್ಲ. ಒರೆಸಲು ಬಟ್ಟೆ ಜೇಬಿನಲ್ಲಿ ಇರಬೇಕು.

ಈಗ ಹಣ. ಡಾಲರ್‌ಗೆ 85 ರೂಪಾಯಿ ಎಂದು ಹಿಡಿದು ಲೆಕ್ಕ ಹಾಕಿದ್ದೇನೆ. ಮೇಲಿನ ಎಲ್ಲ ಗುಣಗಳಿರುವ ಆರಂಭಿಕ ದರ್ಜೆಯ 8x42 ಅಮೆರಿಕದಲ್ಲಿ ಸುಮಾರು 150 ಡಾಲರ್, ಅಂದರೆ 12,750 ರೂ. ಮಧ್ಯಮ ದರ್ಜೆಯದು ಸುಮಾರು 300 ಡಾಲರ್, 25,500 ರೂ. ಸಿಯಾಟಲ್‌ನಲ್ಲಿ ಕೊಂಡರೆ ಶೇ 10 ದಾಟುವ ಮಾರಾಟ ತೆರಿಗೆ ಸೇರಿ 150 ಡಾಲರ್‌ನದು ಸುಮಾರು 165 ಡಾಲರ್, 14,025 ರೂ. ಆಗುತ್ತದೆ. ಭಾರತದಲ್ಲಿ ಬೈನಾಕ್ಯುಲರ್ ಮೇಲಿನ ಜಿಎಸ್‌ಟಿಯನ್ನು 2017ರ ನವೆಂಬರ್‌ನಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿಸಲಾಯಿತು. ತೆರಿಗೆಗೆ ಮುಂಚೆ 10,000 ರೂ. ಇರುವ ವಸ್ತು 12,800ರಿಂದ 11,800ಕ್ಕೆ ಬಂತು, ಶೇ 7.8 ಇಳಿಕೆ. ಹೀಗಾಗಿ ಆರಂಭಿಕ ದರ್ಜೆಯನ್ನು ಅಮೆರಿಕದಿಂದಲೇ ತರಿಸಿಕೊಳ್ಳಬೇಕೆಂಬ ಒತ್ತಾಯವೇನೂ ಇಲ್ಲ. ಊರಲ್ಲೇ ಕೊಂಡು ಎರಡು ವಾರ ಕೈಗೆ ಒಗ್ಗಿಸಿಕೊಂಡು ಹೊರಡುವುದು ಒಳ್ಳೆಯದು.

ಈ ಮೊತ್ತವನ್ನು ಯಾನದ ಇತರ ಖರ್ಚಿನ ಪಕ್ಕದಲ್ಲಿಡಬೇಕು. ಹಡಗಿನ ಸಿಬ್ಬಂದಿಗೆ ಕೊಡುವ ಭಕ್ಷೀಸು ಬಹುತೇಕ ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್. 18 ಎಂದರೆ ಇಬ್ಬರಿಗೆ ಏಳು ದಿನಕ್ಕೆ 252 ಡಾಲರ್, 21,420 ರೂ. ಜೂನೋದಲ್ಲಿ ತಿಮಿಂಗಿಲ ನೋಡಲು ಚಿಕ್ಕ ದೋಣಿಯಲ್ಲಿ ಹೋಗಲು ತಲೆಗೆ ಸುಮಾರು 180 ಡಾಲರ್. ಇಬ್ಬರಿಗೆ 360 ಡಾಲರ್, 30,600 ರೂ. ಎರಡು ಆರಂಭಿಕ ದರ್ಜೆಯ ಬೈನಾಕ್ಯುಲರ್‌ಗೆ 300 ಡಾಲರ್, 25,500 ರೂ. ದೋಣಿ ಪ್ರವಾಸ ಮೂರೂವರೆ ಗಂಟೆಯದಾದರೆ ಒಬ್ಬರಿಗೆ ಗಂಟೆಗೆ 4,371 ರೂ. ಬೈನಾಕ್ಯುಲರ್ ಅನ್ನು ಏಳು ದಿನ ದಿನಕ್ಕೆ ಮೂರು ಗಂಟೆ ಬಳಸಿದರೆ ಗಂಟೆಗೆ 607 ರೂ. ದೋಣಿಯ ಬದಲು ಬೈನಾಕ್ಯುಲರ್ ಎಂದು ನಾನು ಹೇಳುತ್ತಿಲ್ಲ. ದೋಣಿ 91 ಮೀಟರ್‌ವರೆಗೆ ಒಯ್ಯುತ್ತದೆ, ಅಲ್ಲಿಂದ 8 ಪಟ್ಟಿನಲ್ಲಿ ನೋಡಿದರೆ 11 ಮೀಟರ್ ಆಗುತ್ತದೆ. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಬೈನಾಕ್ಯುಲರ್ ಕೊಳ್ಳಿ ಎನ್ನುತ್ತೇನೆ.

ಎರಡು ಬೈನಾಕ್ಯುಲರ್ ಎಂದೆ. ಈ ಬರಹದಲ್ಲಿ ನಾನು ಪಟ್ಟು ಹಿಡಿಯುವುದು ಇದೊಂದಕ್ಕೆ. 25,500 ರೂ.ಗೆ ಒಂದು ಮಧ್ಯಮ ದರ್ಜೆಯದು ಬರುತ್ತದೆ, ಇಲ್ಲವೇ ಎರಡು ಆರಂಭಿಕ ದರ್ಜೆಯವು. ಹೆಚ್ಚಿನ ದಂಪತಿಗಳು ಕೊಳ್ಳುವುದು ಒಂದನ್ನೇ, ಹಂಚಿಕೊಳ್ಳಬಹುದು ಎಂದು. ತಿಮಿಂಗಿಲ ಆಳಕ್ಕಿಳಿಯುವ ಮೊದಲು ಬಾಲ ಎತ್ತಿ ಹಿಡಿಯುವುದು ಕೆಲವೇ ಸೆಕೆಂಡ್. ಆಮೇಲೆ ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ ನೀರೊಳಗೆ ಇರುತ್ತದೆ. ತಿಮಿಂಗಿಲಗಳಿರುವ ಕಡೆ ಗ್ಲೇಸಿಯರ್ ಬೇ ವಿಧಿಸುವ ವೇಗಮಿತಿ 13 ನಾಟ್, ಗಂಟೆಗೆ 24 ಕಿ.ಮೀ. ಏಳು ನಿಮಿಷದಲ್ಲಿ ಆ ವೇಗದಲ್ಲೂ ಹಡಗು 2.8 ಕಿ.ಮೀ. ಮುಂದೆ ಹೋಗಿರುತ್ತದೆ. ಹೊರಗಡಲಿನಲ್ಲಿ 20 ನಾಟ್‌ನಲ್ಲಿ ಸಾಗುವಾಗ 4.3 ಕಿ.ಮೀ. ಗಂಡ ನೋಡಿ ಮುಗಿಸಿ ಹೆಂಡತಿಗೆ ಕೊಡುವ ಹೊತ್ತಿಗೆ ನೋಡಬೇಕಾದದ್ದು ಹಿಂದೆ ಉಳಿದಿರುತ್ತದೆ, ಮತ್ತು ನನ್ನ ಗಮನಕ್ಕೆ ಬಂದಂತೆ ಮೊದಲು ನೋಡುವವರು ಸಾಮಾನ್ಯವಾಗಿ ಗಂಡಂದಿರೇ. ಕೊಟ್ಟ ಮೇಲೂ ತಕ್ಷಣ ಕಾಣುವುದಿಲ್ಲ. ಕಣ್ಣುಗಳ ನಡುವಿನ ಅಂತರ ಒಬ್ಬರಿಂದ ಒಬ್ಬರಿಗೆ ಬೇರೆ. ಸರಾಸರಿ 63 ಮಿ.ಮೀ. ಎಂದರೂ ಉಪಕರಣಗಳು 56ರಿಂದ 72 ಮಿ.ಮೀ.ವರೆಗೆ ಹೊಂದಿಸುವಂತೆ ಇರುವುದು ಅದಕ್ಕೇ. ಬಲಗಣ್ಣಿನ ಪ್ರತ್ಯೇಕ ಫೋಕಸ್ ಕೂಡ ಬೇರೆಯೇ.

ಚಿತ್ರ ಅಲುಗದಂತೆ ತಡೆಯುವ ಬ್ಯಾಟರಿ ಚಾಲಿತ ಬೈನಾಕ್ಯುಲರ್‌ಗಳು ಹಡಗಿಗೆಂದೇ ಮಾಡಿದಂತೆ ಕಾಣುತ್ತವೆ. ಕ್ಯಾನನ್ 10x30 ಐಎಸ್ 2 ಸುಮಾರು 550 ಡಾಲರ್, 46,750 ರೂ.; ಆರಂಭಿಕ 8x42ರ 3.7 ಪಟ್ಟು. ಗುಂಡಿ ಒತ್ತಿದರೆ ಕೈಯ ನಡುಕ ನಿಲ್ಲುತ್ತದೆ, 10 ಪಟ್ಟಿನ ವಿವರ ನಿಜವಾಗಿ ಕೈಗೆ ಸಿಗುತ್ತದೆ. ಕೈ ನಡುಗುವ ಹಿರಿಯರಿಗೆ ಈ ಹಣ ಸಾರ್ಥಕ. ಆದರೆ ಬಿಂಬ 3 ಮಿ.ಮೀ., ಅವಕಾಶ ಸೊನ್ನೆ. ಕಣ್ಣಿನ ಅಂತರ 14.5 ಮಿ.ಮೀ., ಕನ್ನಡಕಕ್ಕೆ ಬೇಕಾದ ಕನಿಷ್ಠಕ್ಕಿಂತ ತುಸು ಕಡಿಮೆ. ಜಲನಿರೋಧಕವೂ ಅಲ್ಲ. ಅದೇ ಕಂಪನಿಯ ಜಲನಿರೋಧಕ 10x42 ಮಾದರಿಯ ತೂಕ ಒಂದು ಕಿಲೋ ಮೀರುತ್ತದೆ.

ಬೆಲೆಯ ಇನ್ನೊಂದು ತುದಿಯಲ್ಲಿ ಸ್ವರೋವ್‌ಸ್ಕಿ ಎನ್‌ಎಲ್ ಪ್ಯೂರ್ 8x42: ನೋಟ 9.1 ಡಿಗ್ರಿ, ತೂಕ 840 ಗ್ರಾಂ, ಬೆಲೆ 3,000 ಡಾಲರ್ ಮೀರಿದ್ದು, ಅಂದರೆ ಎರಡೂವರೆ ಲಕ್ಷ ರೂಪಾಯಿಗೂ ಹೆಚ್ಚು. 7.2 ಡಿಗ್ರಿಯದಕ್ಕೆ ಹೋಲಿಸಿದರೆ ಕಾಣುವ ವಿಸ್ತೀರ್ಣ ಶೇ 60 ಹೆಚ್ಚು, ಬೆಲೆ 20 ಪಟ್ಟು. ದಿನವೂ ಹಕ್ಕಿ ನೋಡುವವರ ಲೆಕ್ಕ ಇದು, ವಾರದ ಯಾನದವರದಲ್ಲ.

ತಳದ ತುದಿಯಲ್ಲಿ ಎಚ್ಚರ ಬೇಕು. ಸಾವಿರ-ಎರಡು ಸಾವಿರ ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ ಬೈನಾಕ್ಯುಲರ್‌ಗಳ ಮೇಲೆ 20x50, 8-24x50, 90x90 ಎಂಬ ಅಂಕಿಗಳಿರುತ್ತವೆ. 20x50ರ ಬಿಂಬ 2.5 ಮಿ.ಮೀ. 24 ಪಟ್ಟಿಗೆ ಜೂಮ್ ಮಾಡಿದ 50 ಮಿ.ಮೀ. ಮಸೂರದ್ದು 2.1. ಪಾಪೆಗಿಂತ ಕಿರಿದಾದ ಬಿಂಬ ಎಂದರೆ ಮಸುಕಾದ ಚಿತ್ರ. 90 ಮಿ.ಮೀ. ಎಂದು ಬರೆದ ಮಸೂರಕ್ಕೆ ಅಳತೆಪಟ್ಟಿ ಇಟ್ಟು ನೋಡಿದರೆ ಆ ಅಂಕಿಯ ನಿಜ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಂಗೈಯಲ್ಲಿ ಹಿಡಿಯುವ ಉಪಕರಣದಲ್ಲಿ 9 ಸೆಂಟಿಮೀಟರ್‌ನ ಎರಡು ಮಸೂರ ಪಕ್ಕಪಕ್ಕ ಕೂರಲು ಜಾಗವೇ ಇರುವುದಿಲ್ಲ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಇನ್ನೊಂದಿದೆ. ಬೈನಾಕ್ಯುಲರ್ ಅನ್ನು ತೋಳಿನಳತೆ ದೂರ ಹಿಡಿದು, ಬಾಗಿಲಾಚೆಯ ಬಾನಿನತ್ತ ತಿರುಗಿಸಿ, ಹಿಂದಿನ ಮಸೂರವನ್ನು ನೋಡಬೇಕು. ಕಪ್ಪು ಹಿನ್ನೆಲೆಯ ನಡುವೆ ಬೆಳಕಿನ ಬಿಲ್ಲೆಯೊಂದು ತೇಲಿದಂತೆ ಕಾಣುತ್ತದೆ. ಇದೇ ಬಿಂಬ. ಸ್ಕೇಲ್ ಹಿಡಿದರೆ 8x42ರಲ್ಲಿ 5 ಮಿ.ಮೀ.ಗಿಂತ ತುಸು ಹೆಚ್ಚು ಬರಬೇಕು. 4 ಬಂದರೆ ಮಸೂರದ ಹೊರ ಅಂಚಿನ ಬೆಳಕು ಒಳಗೆಲ್ಲೋ ತಡೆಯಲ್ಪಟ್ಟಿದೆ, ಹೇಳಿದಷ್ಟು ಮಸೂರ ಕೆಲಸ ಮಾಡುತ್ತಿಲ್ಲ ಎಂದರ್ಥ. ಬಿಲ್ಲೆ ದುಂಡಗಿರಬೇಕು. ಅದರ ಅಂಚುಗಳು ಬೂದುಬಣ್ಣಕ್ಕೆ ತಿರುಗಿ ಚೌಕದಂತೆ ಕಂಡರೆ ಒಳಗಿನ ಪ್ರಿಸಂ, ಅಂದರೆ ಚಿತ್ರವನ್ನು ನೆಟ್ಟಗೆ ನಿಲ್ಲಿಸುವ ಗಾಜಿನ ತುಂಡು, ಅಗ್ಗದ ಗಾಜಿನದು. ಮಾರುವವರು ಬೇಡ ಎನ್ನಲಾರದ ಪರೀಕ್ಷೆ ಇದು. ಡಬ್ಬಿಯ ಅಂಕಿಗಿಂತ ಇದನ್ನು ನಂಬಬಹುದು.

ಎಲ್ಲ ಕಡಲಿಗೂ ಇದೇ ಉತ್ತರವಲ್ಲ. 2024ರ ಸೆಪ್ಟೆಂಬರ್ 30ರಂದು ಮುಂಬೈನಲ್ಲಿ ಆರಂಭವಾದ ಕ್ರೂಸ್ ಭಾರತ್ ಮಿಷನ್ 2029ರ ಹೊತ್ತಿಗೆ ದೇಶದ ಕಡಲ ಯಾನಿಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡಿ 10 ಲಕ್ಷಕ್ಕೆ ಒಯ್ಯುವ ಗುರಿ ಇಟ್ಟುಕೊಂಡಿದೆ. ಮುಂಬೈ-ಗೋವಾ-ಲಕ್ಷದ್ವೀಪ ಮಾರ್ಗದಲ್ಲಿ ದಡ ಕಾಣದ ಹೊತ್ತೇ ಹೆಚ್ಚು, ಬಿಸಿಲು ತೀಕ್ಷ್ಣ, ಪಾಪೆ 2 ಮಿ.ಮೀ.ಗೆ ಇಳಿದಿರುತ್ತದೆ. ಆಗ 8x25ರಲ್ಲೂ ಒಂದೊಂದು ಬದಿಗೆ ಅರ್ಧ ಮಿ.ಮೀ. ಅವಕಾಶ ಉಳಿಯುತ್ತದೆ. ಕನ್ನಡಕ ಇಲ್ಲದವರಿಗೆ 300 ಗ್ರಾಂ ಉಪಕರಣ ಅಲ್ಲಿ ಸಾಕು. ಆ ಒಂದು ಯಾನಕ್ಕೆಂದೇ 12,750 ರೂ. ಹಾಕುವುದನ್ನು ನಾನು ಸಮರ್ಥಿಸಲಾರೆ.

ಅಲಾಸ್ಕಕ್ಕೆ ಕೊಂಡದ್ದು ಅಲಾಸ್ಕಕ್ಕೇ ಮುಗಿಯಬೇಕಿಲ್ಲ. ಮರಳಿದ ಮೇಲೆ ವರ್ಷಕ್ಕೆ 20 ಗಂಟೆಯಂತೆ ಹತ್ತು ವರ್ಷ ಬಳಸಿದರೆ ಒಟ್ಟು 221 ಗಂಟೆ. ಗಂಟೆಯ ವೆಚ್ಚ 607ರಿಂದ 58 ರೂ.ಗೆ ಇಳಿಯುತ್ತದೆ. 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ, ಕಬಿನಿ ಹಿನ್ನೀರಿನ ದಡದ ಆನೆಗಳಿಗೆ 8x32 ಸಾಕಾಗುತ್ತದೆ. 42 ಮಿ.ಮೀ. ಮಸೂರದ ಪೂರ್ಣ ಉಪಯೋಗ ಆಗುವುದು 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಂಥ ಕಡೆ. ಅಲ್ಲಿ ಕರಡಿಗಳು ಬಂಡೆಯಿಳಿದು ಬರುವುದು ಮಧ್ಯಾಹ್ನ ಕಳೆದ ಮೇಲೆ. ಹೊತ್ತು ಇಳಿದಂತೆ ಅರವತ್ತರವರ ಪಾಪೆಯೂ 5 ಮಿ.ಮೀ. ಹತ್ತಿರಕ್ಕೆ ತೆರೆಯುತ್ತದೆ. ಅಲಾಸ್ಕದ ಹಗಲಿನಲ್ಲಿ 8x42 ಕೊಟ್ಟ ಬೆಳಕಿನಲ್ಲಿ ಕಣ್ಣು ಬಳಸಿದ್ದು ಶೇ 33. ಇಲ್ಲಿ ಬಳಸುವುದು ಶೇ 90. ಕಪ್ಪು ಬಂಡೆಯ ಮೇಲಿನ ಕಪ್ಪು ಕರಡಿಯನ್ನು ಬಂಡೆಯಿಂದ ಬೇರ್ಪಡಿಸಿ ತೋರಿಸುವುದು ಆ ಹೆಚ್ಚುವರಿ ಬೆಳಕು.